ಮೊದಲ ತಪ್ಪನ್ನು ಓದುವುದು

ಗಣಕಯಂತ್ರ ಈಗ ನಮ್ಮ ಊರುಗಳಿಗೆ ಹೊಸ ವಸ್ತುವಲ್ಲ. ಆದರೆ ಅದರೊಳಗೆ ಕೆಲಸ ಮಾಡುವ ತಂತ್ರಾಂಶ ನಮ್ಮ ಕೈಗೆ ಎರಡು ರೂಪಗಳಲ್ಲಿ ಬರಬಹುದೆಂಬುದನ್ನು ಬಹುಮಂದಿ ಗಮನಿಸಿರಲಾರರು. ಒಂದು ಸಿದ್ಧರೂಪ, ತಂದು ಯಂತ್ರಕ್ಕೆ ಹಾಕಿದರೆ ಅದು ಕೆಲಸಕ್ಕೆ ನಿಲ್ಲುತ್ತದೆ. ಇನ್ನೊಂದು ಮೂಲರೂಪ. ಮನುಷ್ಯರು ಬರೆದದ್ದು, ಮನುಷ್ಯರು ಓದಬಹುದಾದದ್ದು. ಅದಕ್ಕೆ ಸೋರ್ಸ್ ಎಂದು ಹೆಸರು. ಯಂತ್ರಕ್ಕಾದರೋ ತಿಳಿಯುವುದು ಅಂಕಿಗಳ ಭಾಷೆಯೊಂದೇ. ಆದ್ದರಿಂದ ಮೂಲರೂಪದ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸಬೇಕಾಗುತ್ತದೆ. ಹಾಗೆ ತಿರುಗಿಸುವ ಕೆಲಸಕ್ಕೆ ಕಂಪೈಲ್ ಮಾಡುವುದೆಂದೂ, ಆ ಕೆಲಸ ಮಾಡುವ ತಂತ್ರಾಂಶಕ್ಕೆ ಕಂಪೈಲರ್ ಎಂದೂ ಹೇಳುತ್ತಾರೆ.

ಈ ಹೆಸರಿಗೆ ಒಂದು ಇತಿಹಾಸವಿದೆ. 1952ರಲ್ಲಿ ಅಮೆರಿಕದ ಗ್ರೇಸ್ ಹಾಪರ್ ಎಂಬ ಗಣಿತಜ್ಞೆ ಇಂಥದೊಂದು ತಂತ್ರಾಂಶವನ್ನು ರಚಿಸಿದರು. ಮೊದಲೇ ಬರೆದು ಸಂಗ್ರಹಿಸಿಟ್ಟಿದ್ದ ಸಣ್ಣ ಸಣ್ಣ ಲೆಕ್ಕಾಚಾರದ ತುಣುಕುಗಳನ್ನು ಅದು ಆರಿಸಿ ತಂದು ಒಂದುಗೂಡಿಸುತ್ತಿತ್ತು. ನಮ್ಮ ಮಾತಿನಲ್ಲಿ ಹೇಳುವುದಾದರೆ ಅದು ಸಂಕಲನದ ಕೆಲಸ. ಅದರಿಂದಲೇ ಅದಕ್ಕೆ ಕಂಪೈಲರ್ ಎಂಬ ಹೆಸರು ಬಂತು. ಸಂಕಲನಕಾರನ ಕಷ್ಟಗಳು ಸಾಹಿತ್ಯದವರಿಗೆ ಗೊತ್ತಿರುವಂಥವು: ಬೇಕಾದ ಭಾಗ ಸಿಕ್ಕದಿರುವುದು, ಸಿಕ್ಕಿದ್ದು ಬೇರೆ ಕಾಲದ ಪಾಠವಾಗಿರುವುದು, ಎರಡು ಭಾಗಗಳು ಒಂದಕ್ಕೊಂದು ಹೊಂದದಿರುವುದು. ಗಣಕದ ಸಂಕಲನದಲ್ಲಿಯೂ ಬರುವ ಕಷ್ಟಗಳು ಹೆಚ್ಚುಕಡಿಮೆ ಇವೇ. ಅವುಗಳಲ್ಲಿ ಬಹುಪಾಲು ಕಷ್ಟಗಳು ಗಣಿತದ ಕೊರತೆಯಿಂದ ಬರುವುದಿಲ್ಲ, ಓದಿನ ಕೊರತೆಯಿಂದ ಬರುತ್ತವೆ. ಯಂತ್ರ ಏನು ಹೇಳಿತೆಂಬುದನ್ನು ಪೂರ್ತಿಯಾಗಿ, ಕ್ರಮವಾಗಿ ಓದುವ ತಾಳ್ಮೆಯಿದ್ದವರಿಗೆ ದಾರಿ ಸಿಕ್ಕುತ್ತದೆ. ಕನ್ನಡದ ಮೇಷ್ಟ್ರೊಬ್ಬ ಈ ವಿಷಯವನ್ನು ಕುರಿತು ಮಾತನಾಡುವ ಧೈರ್ಯ ಮಾಡಿದ್ದರೆ ಅದಕ್ಕೆ ಇದೇ ಕಾರಣ.

ಮಾತು ಗಾಳಿಯಲ್ಲಿ ತೇಲದಿರಲೆಂದು ಒಂದೇ ಒಂದು ತಂತ್ರಾಂಶವನ್ನು ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಅದರ ಹೆಸರು ‘ಆರ್’. ಅಷ್ಟೇ, ಒಂದಕ್ಷರದ ಹೆಸರು. ಸಂಖ್ಯಾಶಾಸ್ತ್ರದ ಲೆಕ್ಕಗಳಿಗೂ ನಕ್ಷೆಗಳಿಗೂ ಜಗತ್ತಿನಾದ್ಯಂತ ವಿಜ್ಞಾನಿಗಳು ಇದನ್ನು ಬಳಸುತ್ತಾರೆ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಸಂಗಡಿಗರು 1976ರಲ್ಲಿ ‘ಎಸ್’ ಎಂಬ ಗಣಕಭಾಷೆಯನ್ನು ಪ್ರಾರಂಭಿಸಿದರು. ಅದರ ಜಾಡಿನಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ರಾಸ್ ಇಹಾಕ ಮತ್ತು ರಾಬರ್ಟ್ ಜೆಂಟಲ್‌ಮನ್ ಎಂಬ ಇಬ್ಬರು ಅಧ್ಯಾಪಕರು 1990ರ ದಶಕದ ಆರಂಭದಲ್ಲಿ ‘ಆರ್’ ಅನ್ನು ಕಟ್ಟಿದರು. ಇಬ್ಬರ ಹೆಸರಿನ ಮೊದಲಕ್ಷರವೂ ಅದೇ ಆಗಿತ್ತು. 1995ರಲ್ಲಿ ಅವರು ಅದರ ಮೂಲಬರಹವನ್ನು ಸರ್ವರಿಗೂ ಬಿಟ್ಟುಕೊಟ್ಟರು. ಯಾರಾದರೂ ಓದಬಹುದು, ಬದಲಿಸಬಹುದು, ಹಂಚಬಹುದು; ಆದರೆ ಹಂಚುವಾಗ ಪಡೆಯುವವರಿಗೂ ಅದೇ ಹಕ್ಕನ್ನು ಉಳಿಸಿಕೊಡಬೇಕು. ಇದು ಕರಾರು. 2000ದ ಫೆಬ್ರವರಿ 29ರಂದು ಅದರ ಮೊದಲ ಪೂರ್ಣ ಆವೃತ್ತಿ ಹೊರಬಂತು.

ಸಿದ್ಧರೂಪದಲ್ಲಿ ಸುಲಭವಾಗಿ ಸಿಕ್ಕುವಾಗ ಮೂಲದಿಂದ ಕಟ್ಟುವ ಶ್ರಮವೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ದಿನನಿತ್ಯದ ಬಳಕೆಗೆ ಸಿದ್ಧರೂಪವೇ ಸಾಕು. ಆದರೆ ಕೆಲವು ಸಂದರ್ಭಗಳಲ್ಲಿ ಅದು ಸಾಲದು. ಕಾಲೇಜಿನ ಯಂತ್ರದಲ್ಲಿರುವ ಆವೃತ್ತಿ ಹಳೆಯದಾಗಿರಬಹುದು. ಹೊಸದನ್ನು ಹಾಕಲು ವಿದ್ಯಾರ್ಥಿಗೆ ಅಧಿಕಾರವಿಲ್ಲದಿರಬಹುದು. ತನ್ನ ಪಾಲಿನ ಜಾಗದಲ್ಲಿ ತಾನೇ ಕಟ್ಟಿಕೊಳ್ಳುವುದಕ್ಕೆ ಅಡ್ಡಿಯಿರುವುದಿಲ್ಲ. ಹತ್ತು ವರ್ಷಗಳ ಹಿಂದಿನ ಪ್ರಬಂಧವೊಂದರ ಲೆಕ್ಕವನ್ನು ಮತ್ತೆ ಮಾಡಿನೋಡಬೇಕಾದಾಗ ಅಂದಿನ ಆವೃತ್ತಿಯೇ ಬೇಕಾಗಬಹುದು. ಅಥವಾ ಒಳಗಿನ ಒಂದು ಸೂತ್ರವನ್ನು ಬದಲಿಸಿ ಪರೀಕ್ಷಿಸಬೇಕಾಗಬಹುದು. ಆಗ ಮೂಲಕ್ಕೆ ಹೋಗದೆ ಗತ್ಯಂತರವಿಲ್ಲ.

ಲಿನಕ್ಸ್ ಇರುವ ಸಾಮಾನ್ಯ ಗಣಕವೊಂದರಲ್ಲಿ ಈ ಕೆಲಸಕ್ಕೆ ಮೂರು ಹೆಜ್ಜೆ. ಮೊದಲನೆಯದು ‘ಕಾನ್ಫಿಗರ್’: ಕಟ್ಟುವುದಕ್ಕೆ ಬೇಕಾದ ಸಾಮಗ್ರಿಯೆಲ್ಲ ಈ ಯಂತ್ರದಲ್ಲಿದೆಯೇ ಎಂದು ಹುಡುಕಿ ನೋಡುವುದು. ಎರಡನೆಯದು ‘ಮೇಕ್’: ನಿಜವಾಗಿ ಕಟ್ಟುವುದು. ಮೂರನೆಯದು ‘ಇನ್‌ಸ್ಟಾಲ್’: ಕಟ್ಟಿದ್ದನ್ನು ಅದರ ಜಾಗದಲ್ಲಿ ಇಡುವುದು. ಕೇಳುವುದಕ್ಕೆ ಮದುವೆಯ ಲಗ್ನಪತ್ರಿಕೆಯಷ್ಟು ಸರಳ. ಮದುವೆಯಲ್ಲಿ ಹೇಗೋ ಇಲ್ಲಿಯೂ ಹಾಗೆ, ಕಷ್ಟ ಕಾಣಿಸುವುದು ಪತ್ರಿಕೆ ಅಚ್ಚಾದ ಮೇಲೆ.

ಮೊದಲ ಹೆಜ್ಜೆಯಲ್ಲೇ ಎಡವುವವರು ಬಹಳ. ‘ಆರ್’ ಬರೆದಿರುವುದು ಒಂದು ಭಾಷೆಯಲ್ಲಲ್ಲ. ಅದರ ಮೂಲದಲ್ಲಿ ‘ಸಿ’ ಭಾಷೆಯ ಭಾಗವಿದೆ, ಫೋರ್ಟ್ರಾನ್ ಭಾಷೆಯ ಭಾಗವಿದೆ, ‘ಆರ್’ ಭಾಷೆಯಲ್ಲೇ ಬರೆದ ಭಾಗವೂ ಇದೆ. ಫೋರ್ಟ್ರಾನ್ 1957ರಲ್ಲಿ ಬಳಕೆಗೆ ಬಂದ ಮುದಿ ಭಾಷೆ. ಇಷ್ಟು ಹಳೆಯದು ಇಂದಿಗೇಕೆ ಎಂದರೆ, ಸಮೀಕರಣಗಳ ದೊಡ್ಡ ದೊಡ್ಡ ಕೋಷ್ಟಕಗಳನ್ನು ಬಿಡಿಸುವ ವಿಶ್ವಾಸಾರ್ಹ ಬರಹಗಳು ಆ ಭಾಷೆಯಲ್ಲಿವೆ. 1979ರಲ್ಲಿ ಪ್ರಕಟವಾದ ‘ಬ್ಲಾಸ್’, 1992ರಲ್ಲಿ ಹೊರಬಂದ ‘ಲಾಪ್ಯಾಕ್’ ಎಂಬ ಸಂಗ್ರಹಗಳು ಇಂದಿನ ವೈಜ್ಞಾನಿಕ ಲೆಕ್ಕಾಚಾರದ ತಳಪಾಯ. ಹೀಗಾಗಿ ಯಂತ್ರದಲ್ಲಿ ‘ಸಿ’ ಕಂಪೈಲರ್ ಇದ್ದು ಫೋರ್ಟ್ರಾನ್ ಕಂಪೈಲರ್ ಇಲ್ಲದಿದ್ದರೆ ‘ಆರ್’ ಕಟ್ಟುವ ಕೆಲಸ ನಿಂತುಹೋಗುತ್ತದೆ. ಕಂಪೈಲರ್ ಸಿಗಲಿಲ್ಲವೆಂದು ಅದು ಸ್ಪಷ್ಟವಾಗಿಯೇ ಹೇಳುತ್ತದೆ. ಅದನ್ನು ತಂದುಕೊಟ್ಟರೆ ಮುಂದಕ್ಕೆ ಹೋಗುತ್ತದೆ.

ಇದಕ್ಕಿಂತ ತಬ್ಬಿಬ್ಬು ಮಾಡುವ ಸಂದೇಶವೊಂದಿದೆ. ‘ರೀಡ್‌ಲೈನ್’ ಎಂಬ ಸಹಾಯಕ ಸಂಗ್ರಹದ ಹೆಡರುಗಳೂ ಲೈಬ್ರರಿಯೂ ಲಭ್ಯವಿಲ್ಲ ಎಂದು ಕಾನ್ಫಿಗರ್ ನಿಂತುಬಿಡುತ್ತದೆ. ಹುಡುಕಿ ನೋಡಿದರೆ ರೀಡ್‌ಲೈನ್ ಯಂತ್ರದಲ್ಲಿಯೇ ಇರುತ್ತದೆ! ಇರುವುದನ್ನು ಇಲ್ಲವೆನ್ನುವ ಈ ಯಂತ್ರಕ್ಕೆ ಏನೆನ್ನಬೇಕೆಂದು ವಿದ್ಯಾರ್ಥಿಗೆ ಸಿಟ್ಟು ಬರುತ್ತದೆ. ಆದರೆ ಸಂದೇಶವನ್ನು ಮತ್ತೊಮ್ಮೆ ಓದಬೇಕು. ಅದರಲ್ಲಿ ಹೆಡರ್ ಎಂಬ ಮಾತಿದೆ. ಲೈಬ್ರರಿಯೆಂದರೆ ಕೆಲಸ ಮಾಡುವ ಭಾಗ. ಹೆಡರ್ ಎಂದರೆ ಆ ಕೆಲಸವನ್ನು ಹೇಗೆ ಕೇಳಿಕೊಳ್ಳಬೇಕು, ಏನು ಕೊಡಬೇಕು, ಏನು ಸಿಕ್ಕುತ್ತದೆ ಎಂಬುದರ ವಿವರ. ತಂತ್ರಾಂಶವನ್ನು ಓಡಿಸುವವನಿಗೆ ಮೊದಲನೆಯದು ಸಾಕು. ಕಟ್ಟುವವನಿಗೆ ಎರಡನೆಯದೂ ಬೇಕು. ಹೆಚ್ಚಿನ ಜನ ಕಟ್ಟುವವರಲ್ಲವಾದ್ದರಿಂದ ಲಿನಕ್ಸ್ ಹಂಚುವವರು ಈ ವಿವರಗಳನ್ನು ಬೇರೆ ಗಂಟು ಕಟ್ಟಿ ಇಟ್ಟಿರುತ್ತಾರೆ. ಡೆಬಿಯನ್, ಉಬುಂಟು ವರ್ಗದಲ್ಲಿ ಆ ಗಂಟಿನ ಹೆಸರು ‘ಡೆವ್’ ಎಂದೂ, ಫೆಡೋರಾ ವರ್ಗದಲ್ಲಿ ‘ಡೆವೆಲ್’ ಎಂದೂ ಕೊನೆಗೊಳ್ಳುತ್ತದೆ. ಈ ಒಂದು ವಿಷಯ ತಿಳಿದಿದ್ದರೆ ಮೊದಲ ಹೆಜ್ಜೆಯ ಕಷ್ಟಗಳಲ್ಲಿ ಬಹುಪಾಲು ಬಗೆಹರಿದಂತೆಯೇ.

ರೀಡ್‌ಲೈನ್ ಇಲ್ಲದೆಯೇ ಕಟ್ಟು ಎಂದು ಯಂತ್ರಕ್ಕೆ ಹೇಳುವ ಅಡ್ಡದಾರಿಯೂ ಇದೆ. ಹಾಗೆ ಮಾಡಿದರೆ ಕೆಲಸವೇನೋ ಮುಂದುವರಿಯುತ್ತದೆ. ಆದರೆ ಮುಂದೆ ‘ಆರ್’ನಲ್ಲಿ ಕೆಲಸ ಮಾಡುವಾಗ ಮೊದಲು ಬರೆದ ಸಾಲನ್ನು ಬಾಣದ ಕೀಲಿ ಒತ್ತಿ ಮರಳಿ ಕರೆಯುವ ಸೌಕರ್ಯ ಇರುವುದಿಲ್ಲ. ಅಡ್ಡದಾರಿ ಹಿಡಿಯಬಾರದೆಂದಲ್ಲ. ಏನನ್ನು ಬಿಟ್ಟುಕೊಟ್ಟು ಹೋಗುತ್ತಿದ್ದೇವೆಂಬುದು ತಿಳಿದಿರಬೇಕು.

ಪರದೆಯ ಮೇಲಿನ ಒಂದು ಸಾಲು ಸಾಲದೆಹೋದರೆ ಕಾನ್ಫಿಗರ್ ತನ್ನ ದಿನಚರಿಯೊಂದನ್ನು ಬರೆದಿಟ್ಟಿರುತ್ತದೆ. ‘ಕಾನ್ಫಿಗ್ ಲಾಗ್’ ಎಂದು ಅದಕ್ಕೆ ಹೆಸರು. ಒಂದೊಂದು ಸಾಮಗ್ರಿ ಇದೆಯೇ ಎಂದು ನೋಡಲು ಅದು ಯಾವ ಪುಟ್ಟ ಪರೀಕ್ಷೆ ಮಾಡಿತು, ಆಗ ಕಂಪೈಲರ್ ಏನೆಂದಿತು ಎಂಬುದೆಲ್ಲ ಅಲ್ಲಿರುತ್ತದೆ. ಆದರೆ ಈ ದಿನಚರಿಯ ಕೊನೆಯ ಪುಟಗಳನ್ನು ನೋಡಿ ಪ್ರಯೋಜನವಿಲ್ಲ. ಅಲ್ಲಿರುವುದು ಸಂಗ್ರಹಿಸಿದ ಬೆಲೆಗಳ ಉದ್ದನೆಯ ಪಟ್ಟಿ. ನಿಜವಾದ ಕಾರಣ ಆ ಪಟ್ಟಿ ಶುರುವಾಗುವುದಕ್ಕೆ ಸ್ವಲ್ಪ ಮೇಲೆ ಇರುತ್ತದೆ. ಕೊನೆಯಿಂದ ಹಿಂದಕ್ಕೆ ಓದುತ್ತ ಬಂದು, ಸೋತ ಪರೀಕ್ಷೆಯ ಬಳಿ ನಿಲ್ಲಬೇಕು.

ಇನ್ನು ಎರಡನೆಯ ಹೆಜ್ಜೆ. ‘ಮೇಕ್’ ಹುಟ್ಟಿದ ಸಂದರ್ಭ ಸ್ವಾರಸ್ಯವಾಗಿದೆ. 1976ರಲ್ಲಿ ಅದೇ ಬೆಲ್ ಪ್ರಯೋಗಾಲಯದಲ್ಲಿ ಸ್ಟೂವರ್ಟ್ ಫೆಲ್ಡ್‌ಮನ್ ಎಂಬವರ ಕೋಣೆಗೆ ಸಹೋದ್ಯೋಗಿಯೊಬ್ಬರು ಸಿಡಿಮಿಡಿಗೊಂಡು ಬಂದರಂತೆ. ಸರಿಯಾಗಿಯೇ ಇದ್ದ ಬರಹದಲ್ಲಿ ತಪ್ಪು ಹುಡುಕುತ್ತ ಅವರು ಇಡೀ ಬೆಳಗ್ಗೆಯನ್ನು ಕಳೆದುಕೊಂಡಿದ್ದರು. ತಪ್ಪನ್ನು ಮೊದಲೇ ತಿದ್ದಿಯಾಗಿತ್ತು. ತಿದ್ದಿದ ಕಡತವನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಅಷ್ಟೆ. ಯಾವ ಕಡತ ಬದಲಾಯಿತು, ಅದನ್ನು ನೆಚ್ಚಿಕೊಂಡಿರುವ ಕಡತಗಳು ಯಾವುವು ಎಂದು ನೋಡಿ, ಬೇಕಾದಷ್ಟನ್ನು ಮಾತ್ರ ಹೊಸದಾಗಿ ಕಟ್ಟುವ ತಂತ್ರಾಂಶವನ್ನು ಫೆಲ್ಡ್‌ಮನ್ ಬರೆದರು. ಅದೇ ಮೇಕ್. ಇಂದಿಗೂ ಕೆಲವೊಮ್ಮೆ ಹಳೆಯ ತುಣುಕುಗಳು ಮೂಲೆಯಲ್ಲಿ ಉಳಿದು ಹೊಸದರೊಡನೆ ಬೆರೆತುಹೋಗುವುದುಂಟು. ಕಂಪೈಲರನ್ನು ಬದಲಿಸಿದ ಮೇಲೆ, ಕಾನ್ಫಿಗರಿಗೆ ಕೊಟ್ಟ ಆಯ್ಕೆಗಳನ್ನು ಬದಲಿಸಿದ ಮೇಲೆ ಹಿಂದಿನದನ್ನೆಲ್ಲ ಗುಡಿಸಿ ಮೊದಲಿನಿಂದ ಕಟ್ಟುವುದೇ ಕ್ಷೇಮ.

ಮೇಕ್ ಓಡುವಾಗ ಪರದೆಯ ಮೇಲೆ ನೂರಾರು ಸಾಲುಗಳು ಹರಿದುಹೋಗುತ್ತವೆ. ಕೊನೆಗೆ ‘ಎರರ್’ ಎಂಬ ಮಾತಿನೊಡನೆ ಎಲ್ಲವೂ ಸ್ತಬ್ಧ. ಸಹಜವಾಗಿಯೇ ಕಣ್ಣು ಕೊನೆಯ ಸಾಲಿನ ಮೇಲೆ ಬೀಳುತ್ತದೆ. ಆ ಸಾಲು ಹೇಳುವುದಾದರೂ ಏನು? ಮೇಕ್ ನಿಂತಿತು, ತಪ್ಪು ಸಂಖ್ಯೆ ಒಂದು ಅಥವಾ ಎರಡು, ಎಂದಷ್ಟೆ. ಇದು ಊರಿನಲ್ಲಿ ಸಾವಾಗಿದೆಯೆಂದು ಹೇಳಲು ಬಂದ ಆಳಿನ ಮಾತಿದ್ದಂತೆ. ಯಾರು, ಹೇಗೆ ಎಂದು ಅವನನ್ನು ಕೇಳಿ ಉಪಯೋಗವಿಲ್ಲ. ಒಂದು ಮೇಕ್ ಇನ್ನೊಂದನ್ನು ಕರೆದಿರುತ್ತದೆ, ಅದು ಮತ್ತೊಂದನ್ನು. ಒಳಗಿನದು ಸೋತಾಗ ಹೊರಗಿನವು ಒಂದೊಂದಾಗಿ ಅದೇ ಸುದ್ದಿಯನ್ನು ಮೇಲಕ್ಕೆ ದಾಟಿಸುತ್ತವೆ.

ಓದಬೇಕಾದದ್ದು ಮೊದಲ ತಪ್ಪು. ಕಂಪೈಲರ್ ಒಂದೆಡೆ ದಾರಿ ತಪ್ಪಿದರೆ ಅಲ್ಲಿಂದ ಮುಂದಿನದೆಲ್ಲ ಅದಕ್ಕೆ ತಪ್ಪಾಗಿಯೇ ಕಾಣುತ್ತದೆ. ಒಂದು ಆವರಣಚಿಹ್ನೆ ಮುಚ್ಚದೆ ಹೋದರೆ ಐವತ್ತು ದೂರುಗಳು ಬರಬಹುದು. ಆ ಒಂದನ್ನು ಮುಚ್ಚಿದರೆ ಐವತ್ತೂ ಮಾಯವಾಗಬಹುದು. ಇನ್ನೊಂದು ಮಾತು: ಕಂಪೈಲರ್ ಹೇಳುವುದು ತಪ್ಪಿನ ಜಾಗವನ್ನಲ್ಲ, ತನಗೆ ಅರ್ಥವಾಗುವುದು ನಿಂತ ಜಾಗವನ್ನು. ಎಷ್ಟೋ ಸಲ ತಪ್ಪು ಅದಕ್ಕಿಂತ ಒಂದೆರಡು ಸಾಲು ಹಿಂದಿರುತ್ತದೆ. ಆದ್ದರಿಂದ ಪರದೆಯ ಮೇಲಿನದನ್ನೆಲ್ಲ ಒಂದು ಕಡತಕ್ಕೆ ಬರೆಸಿಕೊಂಡು, ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದು, ಮೊದಲು ಎದುರಾಗುವ ‘ಎರರ್’ ಎಂಬ ಮಾತಿನ ಬಳಿ ನಿಲ್ಲುವುದು ಉತ್ತಮ. ವೇಗಕ್ಕಾಗಿ ಮೇಕ್‌ಗೆ ಏಕಕಾಲದಲ್ಲಿ ಹಲವು ಕೆಲಸ ಮಾಡಲು ಹೇಳಿದ್ದರೆ ಎಲ್ಲರ ಮಾತೂ ಒಂದರೊಳಗೊಂದು ಬೆರೆತಿರುತ್ತದೆ. ಆಗ ಒಂದೊಂದೇ ಕೆಲಸ ಮಾಡೆಂದು ಹೇಳಿ ಮತ್ತೊಮ್ಮೆ ಓಡಿಸಿದರೆ ಸಂದೇಶಗಳು ಸಾಲಾಗಿ ನಿಲ್ಲುತ್ತವೆ.

ಈ ಸಂದೇಶಗಳು ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತವೆ; ನಮ್ಮ ಹುಡುಗ ಹುಡುಗಿಯರು ಅಂಜುವುದು ಇಲ್ಲಿಯೇ. ಆದರೆ ಈ ಇಂಗ್ಲಿಷಿನ ಶಬ್ದಸಂಪತ್ತು ಬಹಳ ಸಣ್ಣದು. ಹತ್ತಾರು ನುಡಿಗಟ್ಟುಗಳನ್ನು ಕಲಿತರೆ ದಿನ ಸಾಗುತ್ತದೆ. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂದರೆ ನೀನು ಹೇಳಿದ ಕಡತ ನೀನು ಹೇಳಿದ ಜಾಗದಲ್ಲಿಲ್ಲ. ಕಡತದ ಹೆಸರು ಹೆಡರಿನದಾಗಿದ್ದರೆ ಆಗಲೇ ಹೇಳಿದ ‘ಡೆವ್’ ಗಂಟನ್ನು ನೆನೆಯಬೇಕು. ‘ಕಮಾಂಡ್ ನಾಟ್ ಫೌಂಡ್’ ಎಂದರೆ ಕರೆದ ತಂತ್ರಾಂಶ ಯಂತ್ರದಲ್ಲಿಲ್ಲ, ಅಥವಾ ಯಂತ್ರ ಹುಡುಕುವ ಜಾಗಗಳಲ್ಲಿ ಅದಿಲ್ಲ. ‘ಪರ್ಮಿಷನ್ ಡಿನೈಡ್’ ಎಂದರೆ ಅಲ್ಲಿ ಬರೆಯುವ ಅಧಿಕಾರ ನಿನಗಿಲ್ಲ. ಈ ಕೊನೆಯದನ್ನು ಕಂಡೊಡನೆ ಯಂತ್ರದ ಸರ್ವಾಧಿಕಾರವನ್ನು ತೆಗೆದುಕೊಂಡು ಮುನ್ನುಗ್ಗುವವರಿದ್ದಾರೆ. ಅದು ಮನೆಯ ಒಂದು ಬೀಗಕ್ಕಾಗಿ ಹೆಬ್ಬಾಗಿಲನ್ನೇ ಕಿತ್ತಂತೆ. ನನ್ನ ಸ್ವಂತ ಜಾಗದಲ್ಲಿ ಇಡು ಎಂದು ಕಾನ್ಫಿಗರಿಗೆ ಮೊದಲೇ ಹೇಳಿದ್ದರೆ ಆ ಮಾತೇ ಬರುವುದಿಲ್ಲ.

ಕೆಲವು ಸಂದೇಶಗಳು ಹೇಳುವುದೊಂದು, ಕಾರಣ ಇನ್ನೊಂದು. ಹಳೆಯ ಗಣಕಗಳಲ್ಲಿ ದೊಡ್ಡ ಕಡತವನ್ನು ತಿರುಗಿಸುವಾಗ, ಕಂಪೈಲರಿನ ಒಳಗೇ ದೋಷವಾಗಿದೆ, ಅದು ‘ಕಿಲ್ಡ್’ ಆಯಿತು ಎಂಬ ಸಂದೇಶ ಬರುವುದುಂಟು. ಕಂಪೈಲರಿನಲ್ಲಿ ಸಾಮಾನ್ಯವಾಗಿ ಯಾವ ದೋಷವೂ ಇರುವುದಿಲ್ಲ. ಯಂತ್ರದ ನೆನಪು, ಅಂದರೆ ಮೆಮೊರಿ, ತುಂಬಿಹೋಗಿ, ಉಳಿದ ಕೆಲಸಗಳನ್ನು ಕಾಪಾಡಲು ಲಿನಕ್ಸ್ ಅತಿ ಹೆಚ್ಚು ಜಾಗ ಹಿಡಿದವನನ್ನು ಬಲಿಕೊಟ್ಟಿರುತ್ತದೆ. ಏಕಕಾಲದ ಕೆಲಸಗಳನ್ನು ಕಡಿಮೆ ಮಾಡಿದರೆ, ಅಥವಾ ಡಿಸ್ಕಿನ ಒಂದು ಭಾಗವನ್ನು ನೆನಪಿಗೆ ಸಹಾಯವಾಗಿ ಕೊಟ್ಟರೆ ಅದೇ ಯಂತ್ರದಲ್ಲಿ ಅದೇ ಕೆಲಸ ನಿಧಾನವಾಗಿಯಾದರೂ ಮುಗಿಯುತ್ತದೆ.

ಎಲ್ಲ ತುಣುಕುಗಳೂ ಬೇರೆ ಬೇರೆಯಾಗಿ ಸಿದ್ಧವಾದ ಮೇಲೆ ಅವನ್ನು ಜೋಡಿಸುವ ಘಟ್ಟ ಬರುತ್ತದೆ. ಇಲ್ಲಿ ಕೇಳಿಬರುವ ದೂರು ‘ಅನ್‌ಡಿಫೈನ್ಡ್ ರೆಫರೆನ್ಸ್’ ಎಂಬುದು. ಒಬ್ಬನು ಇನ್ನೊಬ್ಬನನ್ನು ಹೆಸರಿಟ್ಟು ಕರೆದಿದ್ದಾನೆ. ಆ ಹೆಸರಿನವನು ಸಭೆಯಲ್ಲಿ ಇಲ್ಲ. ಬ್ಲಾಸ್ ಸಂಗ್ರಹದಲ್ಲಿ ಎರಡು ಕೋಷ್ಟಕಗಳನ್ನು ಗುಣಿಸುವ ಭಾಗಕ್ಕೆ ‘ಡಿಜೆಮ್’ ಎಂದು ಹೆಸರು. ದೂರಿನಲ್ಲಿ ಆ ಹೆಸರಿನ ಕೊನೆಗೊಂದು ಅಡಿಗೆರೆ ಅಂಟಿಕೊಂಡಿರುತ್ತದೆ. ಅದನ್ನು ಯಾರೂ ಬರೆದದ್ದಲ್ಲ. ಫೋರ್ಟ್ರಾನ್ ಕಂಪೈಲರುಗಳು ರೂಢಿಯಿಂದ ಹಚ್ಚುವ ಬಾಲ. ಆ ಬಾಲ ಕಂಡರೆ ಕಾಣೆಯಾದದ್ದು ಫೋರ್ಟ್ರಾನ್ ಕಡೆಯ ಸಂಗ್ರಹವೆಂದು ಊಹಿಸಬಹುದು. ಸಂಗ್ರಹವನ್ನು ಹೆಸರಿಸಿದ್ದರೂ ದೂರು ನಿಲ್ಲದಿದ್ದರೆ ಹೆಸರಿಸಿದ ಕ್ರಮವನ್ನು ನೋಡಬೇಕು. ಬೇಡುವವನ ಹೆಸರು ಮೊದಲು, ಕೊಡುವವನ ಹೆಸರು ಆಮೇಲೆ ಬರಬೇಕು. ಜೋಡಿಸುವ ತಂತ್ರಾಂಶ ಎಡದಿಂದ ಬಲಕ್ಕೆ ಒಮ್ಮೆ ಸಾಗುತ್ತದೆ. ಆವರೆಗೆ ಯಾರೂ ಬೇಡದಿದ್ದುದನ್ನು ಅದು ಎತ್ತಿಟ್ಟುಕೊಳ್ಳುವುದಿಲ್ಲ.

ಇಲ್ಲಿಯವರೆಗೆ ಹೇಳಿದವು ಸಾಮಗ್ರಿಯ ಕೊರತೆಗಳು. ಇನ್ನೊಂದು ಬಗೆಯ ಕಷ್ಟಕ್ಕೆ ಕಾರಣ ಕಾಲ. 2020ರಲ್ಲಿ ‘ಜಿಸಿಸಿ’ ಎಂಬ ಪ್ರಸಿದ್ಧ ಕಂಪೈಲರ್ ಸಮೂಹದ ಹತ್ತನೆಯ ಆವೃತ್ತಿ ಬಂದಿತು. ದಶಕಗಳಿಂದ ತಕರಾರಿಲ್ಲದೆ ಕಂಪೈಲ್ ಆಗುತ್ತಿದ್ದ ಎಷ್ಟೋ ಹಳೆಯ ಫೋರ್ಟ್ರಾನ್ ಬರಹಗಳು ಅಂದಿನಿಂದ ತಪ್ಪೆನಿಸಿಕೊಂಡವು. ಒಂದೇ ಭಾಗವನ್ನು ಒಂದು ಕಡೆ ಒಂದು ಬಗೆಯ ಸಂಖ್ಯೆಯೊಡನೆ, ಇನ್ನೊಂದು ಕಡೆ ಬೇರೆ ಬಗೆಯ ಸಂಖ್ಯೆಯೊಡನೆ ಕರೆಯುವುದು ಹಳಬರ ರೂಢಿಯಾಗಿತ್ತು. ಹೊಸ ಕಂಪೈಲರ್ ಅದನ್ನು ಒಪ್ಪಲಿಲ್ಲ. ಹಳೆಯ ರೂಢಿಯನ್ನು ಮನ್ನಿಸು ಎಂದು ಕೇಳಿಕೊಳ್ಳುವ ಆಯ್ಕೆಯೊಂದನ್ನೂ ಅವರೇ ಇಟ್ಟಿದ್ದಾರೆ. ಹಾಗಾದರೆ ಈ ಬಿಗಿಯೇಕೆ ಎನ್ನುವವರಿಗೆ 2019ರ ಒಂದು ಪ್ರಸಂಗ ಉತ್ತರ ಕೊಡುತ್ತದೆ.

ಫೋರ್ಟ್ರಾನ್ ಭಾಗವೊಂದಕ್ಕೆ ಅಕ್ಷರವನ್ನು ಕಳಿಸುವಾಗ ಅದರ ಉದ್ದವನ್ನೂ ಗುಟ್ಟಾಗಿ ಜೊತೆಗೆ ಕಳಿಸುವುದು ಫೋರ್ಟ್ರಾನ್ ಕಂಪೈಲರುಗಳ ಪದ್ಧತಿ. ‘ಸಿ’ ಭಾಷೆಯಿಂದ ಲಾಪ್ಯಾಕನ್ನು ಕರೆಯುತ್ತಿದ್ದವರು ಈ ಉದ್ದವನ್ನು ಕಳಿಸುತ್ತಿರಲಿಲ್ಲ. ಒಂದೇ ಅಕ್ಷರವಾದರೆ ಉದ್ದ ಹೇಳುವುದೇಕೆ ಎಂಬ ಧೋರಣೆ. ಅದರಿಂದ ಬಹುಕಾಲ ಏನೂ ಕೆಡಲಿಲ್ಲ. ‘ಆರ್’ ಕೂಡ ಹಾಗೆಯೇ ಮಾಡುತ್ತಿತ್ತು. ಕಂಪೈಲರ್ ಹೆಚ್ಚು ಜಾಣತನ ಕಲಿತು, ಆ ಉದ್ದ ಬಂದೇ ಇದೆಯೆಂಬ ನಂಬಿಕೆಯ ಮೇಲೆ ಜಾಗವನ್ನು ಮಿತವ್ಯಯ ಮಾಡತೊಡಗಿದಾಗ ಲೆಕ್ಕಗಳು ನಡುವೆ ಕುಸಿಯತೊಡಗಿದವು. ಕಾರಣವನ್ನು ಹುಡುಕಿ ತೆಗೆದವರು ಎರಡೂ ಕಡೆಯ ಮೂಲಬರಹಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದವರು. ಕಂಪೈಲರಿನವರು ಹಳೆಯ ಬರಹಗಳಿಗೆ ರಕ್ಷಣೆಯೊಂದನ್ನು ಒದಗಿಸಿದರು. ‘ಆರ್’ನವರು ತಮ್ಮ ಬರಹವನ್ನು ತಿದ್ದಿಕೊಂಡರು. ಎರಡೂ ಪಕ್ಷದ ಮೂಲ ತೆರೆದಿರದಿದ್ದರೆ ಈ ವ್ಯಾಜ್ಯ ಹೀಗೆ ತೀರುತ್ತಿರಲಿಲ್ಲ. ಬಾಯಿಮಾತಿನ ಒಪ್ಪಂದ ಎಷ್ಟು ಕಾಲ ನಡೆದರೂ ಅದು ಬರಹದಲ್ಲಿಲ್ಲ ಎಂಬುದು ಒಂದು ದಿನ ಹೊರಬೀಳುತ್ತದೆ.

ಇನ್ನು ಈ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಕಟ್ಟುವ ಕೆಲಸ ನಿಂತುಹೋದಾಗ ನಮಗೆ ಬೇಸರವಾಗುತ್ತದೆ. ಆದರೆ ನಿಲ್ಲುವ ತಪ್ಪು ಉಪಕಾರಿ. ಅದು ಕೂಗಿ ಹೇಳುತ್ತದೆ. ಭಯಪಡಬೇಕಾದದ್ದು ನಿಲ್ಲದೆ ಸಾಗುವ ತಪ್ಪಿಗೆ. ‘ಆರ್’ ಕಟ್ಟುವಾಗ ಕೆಲವು ಸಾಮಗ್ರಿಗಳು ಸಿಗದಿದ್ದರೆ ಕಾನ್ಫಿಗರ್ ಕೂಗುವುದಿಲ್ಲ. ಅವನ್ನು ಬಿಟ್ಟು ಮುಂದೆ ಹೋಗುತ್ತದೆ. ಯಾವುದನ್ನು ಸೇರಿಸಿಕೊಂಡೆನೆಂದು ಕೊನೆಯಲ್ಲಿ ಒಂದು ಚಿಕ್ಕ ಪಟ್ಟಿ ಕೊಡುತ್ತದೆ, ಅಷ್ಟೆ. ಆ ಪಟ್ಟಿಯಲ್ಲಿ ‘ಪಿಎನ್‌ಜಿ’ ಎಂಬ ಹೆಸರಿಲ್ಲದಿದ್ದರೆ, ತಿಂಗಳುಗಳ ನಂತರ ಪ್ರಬಂಧಕ್ಕೆ ನಕ್ಷೆ ತೆಗೆಯಹೊರಟಾಗ ಆ ಬಗೆಯ ಚಿತ್ರ ತನ್ನಿಂದಾಗದೆಂದು ‘ಆರ್’ ಕೈಚೆಲ್ಲುತ್ತದೆ. ಅದೇ ಪಟ್ಟಿಯಲ್ಲಿ ‘ಐಸಿಯು’ ಎಂಬ ಇನ್ನೊಂದು ಹೆಸರಿದೆ. ಆಸ್ಪತ್ರೆಯದಲ್ಲ, ಬೇರೆ ಬೇರೆ ಭಾಷೆಗಳ ಅಕಾರಾದಿ ಕ್ರಮವನ್ನು ಬಲ್ಲ ಸಂಗ್ರಹ ಅದು. ಅದಿಲ್ಲದಿದ್ದರೆ ಪದಗಳನ್ನು ಕ್ರಮವಾಗಿ ಜೋಡಿಸುವ ಕೆಲಸ ಯಂತ್ರದ ಉಳಿದ ವ್ಯವಸ್ಥೆಯ ಪಾಲಾಗುತ್ತದೆ. ಹಳಗನ್ನಡ ಕಾವ್ಯವೊಂದರ ಪದಗಳನ್ನೆಣಿಸಿ ಪಟ್ಟಿ ಮಾಡುವವರಿಗೆ ಒಂದು ಯಂತ್ರದಲ್ಲಿ ಒಂದು ಕ್ರಮ, ಮತ್ತೊಂದರಲ್ಲಿ ಮತ್ತೊಂದು ಕ್ರಮ ಬರಬಹುದು. ಸರಳವಾದ ಜೋಡಣೆಗಳು ಯೂನಿಕೋಡ್ ಸಂಕೇತದ ಅಂಕಿಯನ್ನೇ ನೆಚ್ಚುತ್ತವೆ. ಆ ಅಂಕಿಗಳಲ್ಲಿ ಱಕಾರವು ರಕಾರದ ಪಕ್ಕದಲ್ಲಿಯೇ ಇದೆ. ೞಕಾರವಾದರೋ ಎಲ್ಲ ವ್ಯಂಜನಗಳನ್ನೂ ಕಾಗುಣಿತದ ಚಿಹ್ನೆಗಳನ್ನೂ ದಾಟಿ ದೂರ ಕುಳಿತಿದೆ. ಯಾವ ತಪ್ಪು ಸಂದೇಶವೂ ಬರುವುದಿಲ್ಲ. ಪಟ್ಟಿ ಮಾತ್ರ ನಮ್ಮ ನಿಘಂಟಿನ ಕ್ರಮದಲ್ಲಿರುವುದಿಲ್ಲ.

ಸಂಖ್ಯೆಗಳಲ್ಲಿಯೂ ಹೀಗೆಯೇ. ಮೂರನೆಯ ಒಂದು ಭಾಗವನ್ನು ನಾವು ದಶಮಾಂಶದಲ್ಲಿ ಪೂರ್ತಿಯಾಗಿ ಬರೆಯಲಾರೆವು. ಎರಡೇ ಅಂಕಿಗಳಲ್ಲಿ ಎಣಿಸುವ ಗಣಕ ಹತ್ತನೆಯ ಒಂದು ಭಾಗವನ್ನೂ ಪೂರ್ತಿಯಾಗಿ ಬರೆಯಲಾರದು. ಎಲ್ಲೋ ಒಂದೆಡೆ ಕತ್ತರಿಸುತ್ತದೆ. ಆದ್ದರಿಂದ ಒಂದು ಲಕ್ಷ ಸಂಖ್ಯೆಗಳನ್ನು ಬೇರೆ ಬೇರೆ ಕ್ರಮದಲ್ಲಿ ಕೂಡಿದರೆ ಕೊನೆಯ ಅಂಕಿಗಳು ತುಸು ಬೇರೆಯಾಗಬಹುದು. ಅಷ್ಟು ವ್ಯತ್ಯಾಸ ಸಹಜ. ಆದರೆ ವೇಗದ ಆಸೆಯಿಂದ, ಗಣಿತದ ನಿಯಮಗಳನ್ನು ಸಡಿಲಿಸು ಎಂದು ಕಂಪೈಲರಿಗೆ ಹೇಳುವ ಆಯ್ಕೆಗಳೂ ಇವೆ. ‘ಫಾಸ್ಟ್ ಮ್ಯಾಥ್’ ಎಂಬ ಆಯ್ಕೆ ಅಂಥದು. ‘ಆರ್’ನ ಕೈಪಿಡಿಯೇ ಅದರ ವಿರುದ್ಧ ಎಚ್ಚರಿಸುತ್ತದೆ. ಹಾಗಾಗಿ ಕಟ್ಟಿ ಮುಗಿಸಿದ ಮೇಲೆ ‘ಮೇಕ್ ಚೆಕ್’ ಎಂಬ ಪರೀಕ್ಷೆಯನ್ನು ಮಾಡಿಸಬೇಕು. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಹೊಸದಾಗಿ ಕಟ್ಟಿದ ತಂತ್ರಾಂಶದಿಂದ ಮಾಡಿಸಿ ಅದು ಹೋಲಿಸಿ ನೋಡುತ್ತದೆ. ಕೆಲವು ನಿಮಿಷಗಳ ಈ ಕೆಲಸವನ್ನು ಬಿಟ್ಟುಬಿಡುವವರು ಬಹಳ. ಕಟ್ಟಿದ್ದು ಓಡಿತಲ್ಲ ಎಂಬ ಸಂತೋಷವೇ ಅವರಿಗೆ ಸಾಕಾಗಿರುತ್ತದೆ.

ಓಡುವುದೂ ಸರಿಯಾಗಿರುವುದೂ ಒಂದೇ ಅಲ್ಲ. 2006ರ ಡಿಸೆಂಬರಿನಲ್ಲಿ ಅಮೆರಿಕದ ‘ಸೈನ್ಸ್’ ಪತ್ರಿಕೆ ಕ್ಯಾಲಿಫೋರ್ನಿಯದ ಸಂಶೋಧಕರ ತಂಡವೊಂದರ ಪತ್ರವನ್ನು ಪ್ರಕಟಿಸಿತು. ಜೀವಕೋಶದ ಪೊರೆಯಲ್ಲಿರುವ ಪ್ರೋಟೀನುಗಳ ರಚನೆಯನ್ನು ಕುರಿತ ತಮ್ಮ ಪ್ರಬಂಧಗಳನ್ನು ಅವರು ಹಿಂತೆಗೆದುಕೊಂಡಿದ್ದರು. ಅವರ ಕೈಕೆಳಗಿದ್ದ ಸ್ವಂತ ಬಳಕೆಯ ಒಂದು ಸಣ್ಣ ತಂತ್ರಾಂಶ ಎರಡು ಕಂಬಸಾಲುಗಳ ಅಂಕಿಗಳನ್ನು ಅದಲು ಬದಲು ಮಾಡಿತ್ತು. ಅದರಿಂದ ಚಿಹ್ನೆ ತಲೆಕೆಳಗಾಗಿ ರಚನೆಯೂ ತಿರುವುಮುರುವಾಗಿತ್ತು. ಒಟ್ಟು ಐದು ಪ್ರಬಂಧಗಳು ಹೀಗೆ ಬಿದ್ದುಹೋದವು. ಇದು ಕಂಪೈಲರಿನ ತಪ್ಪಲ್ಲ. ಆ ತಂತ್ರಾಂಶ ಚೆನ್ನಾಗಿಯೇ ಕಂಪೈಲ್ ಆಗಿತ್ತು, ಚೆನ್ನಾಗಿಯೇ ಓಡುತ್ತಿತ್ತು. ಗೊತ್ತಿರುವ ಉತ್ತರದೊಡನೆ ಹೋಲಿಸಿ ನೋಡುವ ಸಣ್ಣ ಪರೀಕ್ಷೆಯೊಂದು ನಡೆದಿದ್ದರೆ ವರ್ಷಗಳ ದುಡಿಮೆ ಉಳಿಯಬಹುದಾಗಿತ್ತು.

ಇಷ್ಟಾದ ಮೇಲೂ ಬಗೆಹರಿಯದ ತೊಡಕುಗಳಿರುತ್ತವೆ, ಬಲ್ಲವರನ್ನು ಕೇಳಬೇಕಾಗುತ್ತದೆ. ಕೇಳುವುದರಲ್ಲಿಯೂ ಒಂದು ಶಿಸ್ತಿದೆ. ‘ಆಗುತ್ತಿಲ್ಲ, ಏನು ಮಾಡಲಿ’ ಎಂಬ ಪ್ರಶ್ನೆಗೆ ಉತ್ತರವಿಲ್ಲ. ವೈದ್ಯರ ಬಳಿ ಹೋದವನು ಎಲ್ಲಿ ನೋವು, ಎಂದಿನಿಂದ, ಏನು ತಿಂದೆ ಎಂದು ಹೇಳಿದ ಹಾಗೆ, ಯಂತ್ರದ ವ್ಯವಸ್ಥೆ ಯಾವುದು, ಕಂಪೈಲರಿನ ಆವೃತ್ತಿ ಯಾವುದು, ಏನು ಆಜ್ಞೆ ಕೊಟ್ಟೆ, ಮೊದಲ ತಪ್ಪು ಸಂದೇಶ ಏನು ಎಂಬ ನಾಲ್ಕು ಸಂಗತಿಗಳನ್ನು ಹೇಳಬೇಕು. ಸಂದೇಶವನ್ನು ನಮ್ಮ ಮಾತಿನಲ್ಲಿ ಸಂಗ್ರಹಿಸಿ ಹೇಳದೆ ಇದ್ದ ಹಾಗೆಯೇ ಕೊಡಬೇಕು. ಹೀಗೆ ಬರೆದಿಡುವ ಹೊತ್ತಿನಲ್ಲಿಯೇ ಎಷ್ಟೋ ಸಲ ಉತ್ತರ ಹೊಳೆದುಬಿಡುತ್ತದೆ. ಏಕೆಂದರೆ ಸಂದೇಶವನ್ನು ಅಕ್ಷರಶಃ ಓದುವುದು ಅದೇ ಮೊದಲ ಸಲವಾಗಿರುತ್ತದೆ. ಉತ್ತರ ಸಿಕ್ಕಿದ ಮೇಲೆ ಅದನ್ನೂ ಬರೆದಿಡಬೇಕು. ಆರು ತಿಂಗಳ ನಂತರ ಮತ್ತೊಂದು ಯಂತ್ರದಲ್ಲಿ ಕಟ್ಟುವಾಗ ಆ ಅರ್ಧ ಪುಟ ಒಂದು ಪುಸ್ತಕಕ್ಕಿಂತ ಹೆಚ್ಚು ಬೆಲೆಬಾಳುತ್ತದೆ.

ಈ ವಿಷಯದಿಂದ ನಮಗೇನು ಎಂದು ಸಾಹಿತ್ಯಪ್ರಿಯರು ಕೇಳಬಹುದು. ಜ್ಞಾನವನ್ನು ಅಳೆಯುವ ತಕ್ಕಡಿ ಇಂದು ಬಹುಮಟ್ಟಿಗೆ ತಂತ್ರಾಂಶದ ರೂಪದಲ್ಲಿದೆ. ಮಳೆಯ ಮುನ್ಸೂಚನೆ, ಔಷಧಿಯ ಗುಣ, ಬೆಳೆಯ ಅಂದಾಜು, ನಮ್ಮ ಕಾವ್ಯಗಳ ಪದಕೋಶ, ಎಲ್ಲವನ್ನೂ ತೂಗುವುದು ಅದರಲ್ಲಿ. ತಕ್ಕಡಿಯನ್ನು ಬಿಚ್ಚಿನೋಡುವ ಹಕ್ಕನ್ನು ಕೆಲವರು ಉದಾರವಾಗಿ ಜಗತ್ತಿಗೆ ಕೊಟ್ಟಿದ್ದಾರೆ. ತಾಲ್ಲೂಕು ಕೇಂದ್ರದ ಕಾಲೇಜಿನಲ್ಲಿ ಹಳೆಯ ಗಣಕವೊಂದರ ಮುಂದೆ ಕುಳಿತ ವಿದ್ಯಾರ್ಥಿನಿಗೂ ಆಕ್ಲೆಂಡಿನ ಅಧ್ಯಾಪಕರಿಗೂ ಸಿಕ್ಕುವುದು ಒಂದೇ ಮೂಲ, ಅಕ್ಷರವೂ ವ್ಯತ್ಯಾಸವಿಲ್ಲದಂತೆ. ಇಂಥ ಸಮಾನತೆ ನಮ್ಮ ಗ್ರಂಥಾಲಯಗಳಲ್ಲಿ ಇಲ್ಲ, ಪ್ರಯೋಗಾಲಯಗಳಲ್ಲಿ ಇಲ್ಲ. ಆದರೆ ಹಕ್ಕು ಕೈಗೆ ಬಂದರೆ ಸಾಲದು. ಓದಿದಾಗ ಮಾತ್ರ ಅದು ನಮ್ಮದಾಗುತ್ತದೆ. ಕೆಂಪಕ್ಷರದ ಒಂದು ಸಾಲು ಕಂಡೊಡನೆ ಯಂತ್ರವನ್ನು ಮುಚ್ಚಿ ಎದ್ದುಹೋದರೆ ಆ ಹಕ್ಕು ಇದ್ದೂ ಇಲ್ಲದಂತೆ.

ಕಾವ್ಯದ ಕಠಿಣ ಪದ್ಯವನ್ನು ಬಿಡಿಸುವಾಗ ಅರ್ಥವಾಗದ ಮೊದಲ ಪದದ ಬಳಿ ನಿಲ್ಲಿ, ಅದನ್ನು ಹಾರಿ ಮುಂದೆ ಹೋಗಬೇಡಿ ಎಂದು ನಾವು ತರಗತಿಗಳಲ್ಲಿ ಹೇಳುತ್ತಿದ್ದೆವು. ಗಣಕದ ಮುಂದೆ ಕುಳಿತವರಿಗೂ ನಾನು ಹೇಳಬಹುದಾದದ್ದು ಅಷ್ಟೇ. ಕೊನೆಯ ಸಾಲನ್ನು ನೋಡಿ ಹೆದರಬೇಡಿ. ಮೇಲಕ್ಕೆ ಹೋಗಿ, ಮೊದಲ ತಪ್ಪನ್ನು ಹುಡುಕಿ, ಅದನ್ನು ಪೂರ್ತಿಯಾಗಿ ಓದಿ. ಕೆಲಸ ಮುಗಿದ ಮೇಲೆ, ಎಷ್ಟೇ ಆತುರವಿರಲಿ, ಪರೀಕ್ಷೆ ಮಾಡಿಸಿ.